ಮೂಳೆ ಕಂಡರು, ಬೆಳ್ಳಿ ಕಾಣಲಿಲ್ಲ

ಪ್ರಾಗ್ ನಗರದ ಹಳೇ ಪೇಟೆಯಲ್ಲಿ ಪ್ರವಾಸದ ಟಿಕೆಟ್ ಮಾರುವ ಅಂಗಡಿಗಳ ಮುಂದಿನ ಹಲಗೆಗಳನ್ನು ಓದುತ್ತಾ ಹೋದರೆ ಒಂದು ತಲೆಬುರುಡೆ ಮತ್ತೆ ಮತ್ತೆ ಎದುರಾಗುತ್ತದೆ. ಮೂಳೆ ಚರ್ಚು, ಅರ್ಧ ದಿನ, ಊಟದ ಹೊತ್ತಿಗೆಲ್ಲ ವಾಪಸು. ಊರಿನ ಹೆಸರು ಅದರಡಿ ಸಣ್ಣ ಅಕ್ಷರದಲ್ಲಿರುತ್ತದೆ. ಆ ಊರು ಕುಟ್ನಾ ಹೋರಾ. ಪ್ರಾಗ್‌ನಿಂದ ಪೂರ್ವಕ್ಕೆ ಸುಮಾರು 70 ಕಿ.ಮೀ., ರೈಲಿನಲ್ಲಿ ಹೆಚ್ಚುಕಮ್ಮಿ ಒಂದು ಗಂಟೆ. ಯುರೋಪಿನ ರಾಜಧಾನಿಯೊಂದರಲ್ಲಿ ಬಿಡಾರ ಹೂಡಿ, ಬೆಳಿಗ್ಗೆ ಹೋಗಿ ಸಂಜೆ ಬರುವವರಿಗೆ ಇಷ್ಟು ಅನುಕೂಲದ ಹಳೆಯ ಊರು ಕಡಿಮೆ. ಜನ ಇಷ್ಟು ತಲೆಕೆಳಗಾಗಿ ನೋಡುವ ಊರೂ ಕಡಿಮೆ ಎನ್ನುವುದು ನನ್ನ ತಕರಾರು.

ಒಂದು ದಿನದ ಪ್ರವಾಸವನ್ನೇ ಹೀಗಳೆಯುವ ಮಾತಲ್ಲ ಇದು. ಸಿಗುವ ರಜೆ ಹತ್ತು ದಿನ. ವೀಸಾ, ವಿಮಾನದ ಖರ್ಚು ಕಳೆದು ಮಿಕ್ಕ ದುಡ್ಡಿನಲ್ಲಿ ಊರೂರಿಗೂ ಹೋಟೆಲ್ ಬದಲಿಸುವುದು ಎಲ್ಲರಿಗೂ ಆಗುವ ಮಾತೇ? ಪೆಟ್ಟಿಗೆಯನ್ನು ಒಂದೇ ಕಡೆ ಇಳಿಸಿ, ಕೈಬೀಸಿಕೊಂಡು ಹತ್ತಿರದ ಊರಿಗೆ ಹೋಗಿಬರುವುದು ಜಾಣತನವೇ. ಆದರೆ ಎಲ್ಲ ಊರೂ ಇದಕ್ಕೆ ಒಗ್ಗುವುದಿಲ್ಲ. ನಾಲ್ಕನೆಯ ಚಾರ್ಲ್ಸ್ ದೊರೆ 1348ರಲ್ಲಿ ಅಡಿಗಲ್ಲು ಹಾಕಿಸಿದ ಕಾರ್ಲ್‌ಷ್ಟೇನ್ ಕೋಟೆ ಲೋಕಲ್ ರೈಲಿಗೆ ಮುಕ್ಕಾಲು ಗಂಟೆ ದೂರ. ಅಲ್ಲಿ ನಿಜವಾಗಿ ನೋಡಬೇಕಾದ ಪವಿತ್ರ ಶಿಲುಬೆಯ ಪ್ರಾರ್ಥನಾಗೃಹಕ್ಕೆ ಮುಂಚೆಯೇ ಜಾಗ ಕಾದಿರಿಸಿರಬೇಕು. ಅದು ಗೊತ್ತಿಲ್ಲದವರು ಅಂಗಡಿ ಸಾಲು ಹತ್ತಿ, ಇಳಿದು, ಹೋದ ಪುಟ್ಟ ಬಂದ ಪುಟ್ಟ ಆಗುತ್ತಾರೆ. ಚೆಸ್ಕಿ ಕ್ರುಮ್ಲೊವ್ ಸುಮಾರು 170 ಕಿ.ಮೀ. ದೂರ. ಹೋಗಿಬರುವುದರಲ್ಲೇ ಐದಾರು ಗಂಟೆ ಕಳೆದುಹೋಗುವ, ಕತ್ತಲಾದ ಮೇಲೆ ಚೆಲುವು ಬಿಚ್ಚುವ ಆ ಊರನ್ನು ಒಂದು ದಿನಕ್ಕೆ ಮಾರುವುದು ಅನ್ಯಾಯ. ಇನ್ನು ತೆರೆಝಿನ್. ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ ಆ ಕೋಟೆಯೂರಿಗೆ ಹೋಗುವುದಾದರೆ ಅಂದು ಬೇರೇನನ್ನೂ ನೋಡಬಾರದು.

ಕುಟ್ನಾ ಹೋರಾ ಮಾತ್ರ ಒಂದು ದಿನಕ್ಕೆ ಅಳೆದು ಹೊಲಿದಂತಿದೆ. ಒಂದು ಇಡೀ ದಿನಕ್ಕೆ, ಅರ್ಧಕ್ಕಲ್ಲ.

ಅರ್ಧ ದಿನದವರ ಬಸ್ಸು ಮೊದಲು ನಿಲ್ಲುವುದು ಊರಾಚೆಯ ಸೆಡ್ಲೆಟ್ಸ್ ಬಡಾವಣೆಯಲ್ಲಿ. ಸಮಾಧಿಗಳ ನಡುವೆ ಒಂದು ಪುಟ್ಟ ಚರ್ಚು, ಮೆಟ್ಟಿಲಿಳಿದರೆ ಅದರ ತಳದ ಕೋಣೆ. ಕಣ್ಣು ಹೊಂದಿಕೊಳ್ಳುವ ಮೊದಲೇ ತಲೆಯ ಮೇಲೆ ಮೂಳೆಯ ತೂಗುದೀಪ ಕಾಣುತ್ತದೆ. ಮನುಷ್ಯದೇಹದ ಪ್ರತಿಯೊಂದು ಬಗೆಯ ಮೂಳೆಯೂ ಅದರಲ್ಲಿದೆಯೆಂದು ಹೇಳುತ್ತಾರೆ. ಕಮಾನಿನಿಂದ ಕಮಾನಿಗೆ ಬುರುಡೆಗಳ ತೋರಣ. ಇಲ್ಲಿರುವುದು 40,000ದಿಂದ 70,000 ಜನರ ಮೂಳೆಗಳು ಎಂದು ಅಂದಾಜು. ಹಿಂದೆಯೇ ರಾಶಿ ಹಾಕಿದ್ದ ಇವನ್ನು 1870ರಲ್ಲಿ ಈಗಿನ ರೂಪಕ್ಕೆ ತಂದವನು ಫ್ರಾಂಟಿಶೆಕ್ ರಿಂಟ್ ಎಂಬ ಮರಗೆತ್ತನೆಯವನು. ಕೆಲಸ ಮುಗಿಸಿ ಗೋಡೆಯ ಮೇಲೆ ತನ್ನ ಹೆಸರು, ಊರು, ಇಸವಿಯನ್ನೂ ಮೂಳೆಗಳಲ್ಲೇ ಬರೆದು ಹೋದ.

ರಿಂಟ್‌ನ ಕೈಚಳಕದ ಬಗ್ಗೆ ಎರಡು ಮಾತಿಲ್ಲ. ನನಗೆ ಮುಜುಗರ ತರುವುದು ಅವನು ಮಾಡಿದ ಲಾಂಛನ. ಆಗ ಈ ಆಸ್ತಿಯ ಒಡೆಯರು ಶ್ವಾರ್ಟ್ಸೆನ್‌ಬರ್ಗ್ ಮನೆತನದವರು. ಅವರ ಕುಲಲಾಂಛನ ಇಲ್ಲಿ ಆಳೆತ್ತರಕ್ಕೆ ಮೂಳೆಯಲ್ಲಿ ನಿಂತಿದೆ, ತುರ್ಕನೊಬ್ಬನ ಕಣ್ಣು ಕುಕ್ಕುವ ಕಾಗೆಯ ಸಮೇತ. ಪ್ಲೇಗಿನಲ್ಲಿ, ಯುದ್ಧದಲ್ಲಿ ಸತ್ತ ಹೆಸರಿಲ್ಲದವರ ಎಲುಬಿನಿಂದ ಜಮೀನ್ದಾರನ ಗುರುತು ಮಾಡಿಸುವುದನ್ನು ಭಕ್ತಿ ಎನ್ನಲು ನನ್ನ ನಾಲಿಗೆ ಹೊರಳುವುದಿಲ್ಲ. ‘ಎಲ್ಲರೂ ಕೊನೆಗೆ ಸಮಾನರು’ ಎಂದು ಗೈಡ್ ಹೇಳುವ ಹೊತ್ತಿಗೆ ಆ ಲಾಂಛನ ಅವನ ಬೆನ್ನ ಹಿಂದೆಯೇ ಇರುತ್ತದೆ! ಬುರುಡೆಗೆ ಟೋಪಿ ಹಾಕಿ ಸೆಲ್ಫಿ ತೆಗೆಯುವವರ ಕಾಟ ತಾಳಲಾರದೆ 2020ರಿಂದ ಒಳಗೆ ಫೋಟೊ ನಿಷೇಧಿಸಿದ್ದಾರೆ. ಒಳ್ಳೆಯ ಕೆಲಸ.

ಇಷ್ಟೊಂದು ಹೆಣ ಇಲ್ಲಿಗೇ ಏಕೆ ಬಂತು? ಬಸ್ಸಿನವರು ಹೇಳುವ ಉತ್ತರ ಅರ್ಧ ಸರಿ. 1142ರಲ್ಲಿ ಸಿಸ್ಟರ್ಸಿಯನ್ ಸನ್ಯಾಸಿಗಳು ಇಲ್ಲಿ ಮಠ ಕಟ್ಟಿದರು. 1278ರಲ್ಲಿ ಮಠಾಧಿಪತಿಯೊಬ್ಬ ಜೆರುಸಲೇಮಿನಿಂದ ಹಿಡಿ ಮಣ್ಣು ತಂದು ಸ್ಮಶಾನಕ್ಕೆ ಚೆಲ್ಲಿದ ಮೇಲೆ ಇಲ್ಲೇ ಮಣ್ಣಾಗಬೇಕೆಂಬ ಆಸೆ ದೂರದವರಿಗೂ ಹುಟ್ಟಿತಂತೆ. ಉಳಿದರ್ಧ ಉತ್ತರ ನೆಲದಡಿಯಲ್ಲಿದೆ. ಅದೇ ಶತಮಾನದಲ್ಲಿ ಇಲ್ಲಿ ಬೆಳ್ಳಿ ಸಿಕ್ಕಿತು. ಬೆಳ್ಳಿ ಇದ್ದಲ್ಲಿಗೆ ಜನ ಮುತ್ತಿದರು, ಜನ ಮುತ್ತಿದಲ್ಲಿಗೆ ಪ್ಲೇಗು ಬಂತು. ದುಡ್ಡಿನ ಊರೆಂದು 15ನೇ ಶತಮಾನದಲ್ಲಿ ಚರ್ಚಿನ ಸುಧಾರಣೆ ಬಯಸಿದ ಹುಸ್ಸೈಟರಿಗೂ ಕ್ಯಾಥೊಲಿಕರಿಗೂ ನಡೆದ ಯುದ್ಧದಲ್ಲಿ ಎರಡೂ ಕಡೆಯವರು ಇದಕ್ಕಾಗಿ ಕಾದಾಡಿದರು. ಮೂಳೆಯ ಕತೆ ಬೆಳ್ಳಿಯ ಕತೆಯ ಕೊನೆಯ ಪುಟ. ಬಸ್ಸು ಆ ಪುಟವನ್ನು ಮೊದಲೇ ತೋರಿಸುತ್ತದೆ, ಹಿಂದಿನದನ್ನು ಓದಲು ಬಿಡುವುದೂ ಇಲ್ಲ.

ಆ ಹಿಂದಿನ ಪುಟಗಳೇ ಈ ಊರು. 1300ರಲ್ಲಿ ದೊರೆ ಎರಡನೆಯ ವೆನ್ಸೆಸ್ಲಾಸ್ ಫ್ಲಾರೆನ್ಸಿನಿಂದ ಕುಶಲಕರ್ಮಿಗಳನ್ನು ಕರೆಸಿ ಇಲ್ಲಿ ಟಂಕಸಾಲೆ ತೆರೆದ. ಆ ಇಟಲಿಯವರಿಂದಲೇ ಕಟ್ಟಡಕ್ಕೆ ‘ಇಟಾಲಿಯನ್ ಅಂಗಳ’ ಎಂಬ ಹೆಸರು ಬಂತು. ಇಲ್ಲಿ ಸುತ್ತಿಗೆಯಿಂದ ಹೊಡೆದ, ನಾಲ್ಕು ಗ್ರಾಂಗೂ ಕಡಿಮೆ ತೂಕದ ‘ಪ್ರಾಗ್ ಗ್ರೋಷನ್’ ಬೆಳ್ಳಿ ನಾಣ್ಯ ಮಧ್ಯ ಯುರೋಪಿನ ಸಂತೆಗಳಲ್ಲೆಲ್ಲ ಚಲಾವಣೆಯಾಯಿತು. ಹೆಸರು ಮಾತ್ರ ಪ್ರಾಗ್‌ನದು, ದುಡಿಮೆ ಕುಟ್ನಾ ಹೋರಾದ್ದು. ಇಂದು ಪ್ರವಾಸದಲ್ಲೂ ಲೆಕ್ಕ ಹಾಗೇ ಇದೆ ನೋಡಿ. ಒಂದು ಕಾಲಕ್ಕೆ ಬೊಹೀಮಿಯಾ ಎಂಬ ಹಳೆಯ ಜೆಕ್ ರಾಜ್ಯದಲ್ಲಿ ಪ್ರಾಗ್ ಬಿಟ್ಟರೆ ಇದೇ ಊರು. 1409ರ ರಾಜಾಜ್ಞೆ ಹೊರಟಿದ್ದು ಇಲ್ಲಿಂದ. ಅದು ಪ್ರಾಗ್ ವಿಶ್ವವಿದ್ಯಾಲಯದ ಮತಗಳ ಲೆಕ್ಕವನ್ನು ಜೆಕ್ಕರ ಕಡೆಗೆ ತಿರುಗಿಸಿತು. ಮುನಿದ ಜರ್ಮನ್ ಅಧ್ಯಾಪಕರು ಹೊರಟುಹೋಗಿ ಲೈಪ್‌ಜಿಗ್ ವಿಶ್ವವಿದ್ಯಾಲಯ ಹುಟ್ಟಿತು.

ಪೇಟೆಯ ನಡುವೆ 1495ರ ಒಂದು ಕಲ್ಲಿನ ಕಾರಂಜಿ ಇದೆ. ಕಾರಂಜಿ ಎನ್ನುವುದಕ್ಕಿಂತ ನೀರಿನ ತೊಟ್ಟಿ. ಹನ್ನೆರಡು ಮುಖ, ಸುತ್ತ ಗೋಥಿಕ್ ಕುಸುರಿ. ಗೈಡುಗಳು ಕೈತೋರಿಸಿ ಮುಂದೆ ನಡೆಯುತ್ತಾರೆ. ಅದು ಏಕಿದೆ ಎಂದು ಕೇಳಿದರೆ ಊರಿನ ಗುಟ್ಟೇ ಸಿಗುತ್ತದೆ. ಗಣಿ ಅಗೆದು ಅಗೆದು ಊರಿನ ಸೆಲೆಗಳೆಲ್ಲ ಕೆಟ್ಟುಹೋದವು. ಬೆಳ್ಳಿ ತುಂಬಿದ ಊರಿಗೆ ಕುಡಿಯುವ ನೀರನ್ನು ಹೊರಗಿನಿಂದ ಮರದ ಕೊಳವೆಯಲ್ಲಿ ತರಬೇಕಾಯಿತು. ನನ್ನ ಮಟ್ಟಿಗೆ ಸೆಡ್ಲೆಟ್ಸಿನ ತೂಗುದೀಪಕ್ಕಿಂತ ಈ ತೊಟ್ಟಿ ಹೆಚ್ಚು ಮಾತಾಡುತ್ತದೆ.

ಆದರೂ ಈ ಊರಿನಲ್ಲಿ ಒಂದನ್ನೇ ನೋಡಲು ಸಾಧ್ಯ ಎಂದರೆ ನಾನು ಗಣಿ ಎನ್ನುತ್ತೇನೆ. ಹ್ರಾಡೆಕ್ ಎಂಬ ಹಳೆಯ ಕೋಟೆಮನೆಯಲ್ಲಿ ಬೆಳ್ಳಿ ಮ್ಯೂಸಿಯಂ ಇದೆ. ಟಿಕೆಟ್ ಕೊಂಡವರಿಗೆ ಬಿಳಿ ನಿಲುವಂಗಿ, ಹೆಲ್ಮೆಟ್, ಕೈದೀಪ ಕೊಡುತ್ತಾರೆ. ಬಿಳಿ ಬಣ್ಣ ಏಕೆಂದರೆ ಕತ್ತಲಲ್ಲಿ ಬಿದ್ದವನು ಕಾಣಲಿ ಎಂದು. ಗಣಿಯವರು ಸೊಂಟದ ಹಿಂದೆ ಒಂದು ತೊಗಲು ಕಟ್ಟಿಕೊಂಡು ಅದರ ಮೇಲೆ ಕೂತು ಜಾರುತ್ತಾ ಇಳಿಯುತ್ತಿದ್ದರು. ನಮಗೆ ಮೆಟ್ಟಿಲಿದೆ, ಪುಣ್ಯ. ಇಳಿದ ಮೇಲೆ ಕಾಲು ಕಿ.ಮೀ. ನಡೆಯಬೇಕು. ಕೆಲವು ಕಡೆ ಭುಜ ಓರೆ ಮಾಡದೆ ಹೋಗಲಾಗದು, ಕೆಲವು ಕಡೆ ಬೆನ್ನು ಬಗ್ಗಿಸದೆ ಆಗದು. ಗೋಡೆಯಲ್ಲಿ ಉಳಿಯೇಟಿನ ಗೀರುಗಳು ಬೆರಳಿಗೆ ಸಿಗುತ್ತವೆ. ಒಂದು ಕಡೆ ಗೈಡ್ ಎಲ್ಲರ ದೀಪ ಆರಿಸಲು ಹೇಳಿದಳು. ಕಣ್ಣು ಮುಚ್ಚಿದರೂ ತೆರೆದರೂ ವ್ಯತ್ಯಾಸವಿಲ್ಲ. ಎಲ್ಲೋ ನೀರು ತೊಟ್ಟಿಕ್ಕುವ ಸದ್ದು. ಅಲ್ಲಿಯವರೆಗೆ ನಗೆಯಾಡುತ್ತಿದ್ದ ನಮ್ಮ ಗುಂಪು ತೆಪ್ಪಗಾಯಿತು. ಸಾವನ್ನು ನೆನಪಿಸಲು ಸೆಡ್ಲೆಟ್ಸಿಗೆ ಅಷ್ಟು ಸಾವಿರ ಮೂಳೆ ಬೇಕಾಯಿತು, ಇಲ್ಲಿ ಅರ್ಧ ನಿಮಿಷದ ಕತ್ತಲು ಸಾಕಾಯಿತು. ಕೋಲಾರದ ಚಿನ್ನದ ಗಣಿಯಲ್ಲಿ ದುಡಿದವರ ಮಾತು ಕೇಳಿ ಬೆಳೆದ ಕನ್ನಡಿಗರಿಗೆ ಈ ಸುರಂಗ ಪರಕೀಯ ಅನ್ನಿಸಲಾರದು.

ಗಣಿಯಿಂದ ಮೇಲೆ ಬಂದು ಸೇಂಟ್ ಬಾರ್ಬರಾ ಚರ್ಚಿಗೆ ಹೋದರೆ ಅದು ಬೇರೆಯೇ ಚರ್ಚಾಗಿ ಕಾಣುತ್ತದೆ. ಬಾರ್ಬರಾ ಗಣಿಗಾರರ ಸಂತಳು. 1388ರಲ್ಲಿ ಶುರುವಾದ ಕಟ್ಟಡ ಯುದ್ಧಕ್ಕೆ ನಿಂತಿತು, ಮತ್ತೆ ಎದ್ದಿತು, ಬೆಳ್ಳಿ ಬತ್ತಿದಾಗ ಅರ್ಧಕ್ಕೇ ಗೋಡೆ ಎಳೆದು ಬಿಟ್ಟರು, ಮುಗಿದದ್ದು 1905ರಲ್ಲಿ. ಡೇರೆಯಂಥ ಮೂರು ಚೂಪು ಮಾಡುಗಳನ್ನು ಎಲ್ಲರೂ ಫೋಟೊ ತೆಗೆಯುತ್ತಾರೆ. ಬೆನೆಡಿಕ್ಟ್ ರೀಡ್ ಕಟ್ಟಿದ ಚಾವಣಿಯಲ್ಲಿ ಕಲ್ಲಿನ ಪಟ್ಟಿಗಳು ಹೂವಿನ ದಳದಂತೆ ಸುತ್ತಿಕೊಳ್ಳುವುದನ್ನು ಕತ್ತು ಎತ್ತಿ ನೋಡುತ್ತಾರೆ. ಪಕ್ಕದ ಪ್ರಾರ್ಥನಾಗೃಹಗಳ ಗೋಡೆಗೆ ಮಾತ್ರ ಹೆಚ್ಚಿನವರು ತಿರುಗುವುದಿಲ್ಲ. ಅಲ್ಲಿ ದೇವದೂತರ ಜಾಗದಲ್ಲಿ ನಾಣ್ಯ ಹೊಡೆಯುವವನಿದ್ದಾನೆ, ರಾಟೆ ತಿರುಗಿಸಿ ಅದಿರು ಎತ್ತುವವರಿದ್ದಾರೆ. ಇನ್ನೊಂದು ಕಡೆ ಬಿಳಿ ನಿಲುವಂಗಿ ತೊಟ್ಟ ಗಣಿಗಾರನ ವಿಗ್ರಹ. ಅರ್ಧ ಗಂಟೆ ಹಿಂದೆ ನಾನು ತೊಟ್ಟಿದ್ದೂ ಅಂಥದೇ. ಸತ್ತವರ ಮೂಳೆಯಲ್ಲಿ ಒಡೆಯನ ಲಾಂಛನ ಮಾಡಿದ ಚರ್ಚು ಒಂದು, ದುಡಿಯುವವನಿಗೆ ಗೋಡೆ ಕೊಟ್ಟ ಚರ್ಚು ಇನ್ನೊಂದು. ಎರಡರ ನಡುವೆ ಎರಡು-ಮೂರು ಕಿ.ಮೀ. ಅಷ್ಟೇ.

ತಪ್ಪೆಲ್ಲ ಬಸ್ಸಿನವರದೇ ಎಂದರೆ ಅದೂ ಸುಳ್ಳು. ಬುರುಡೆಯ ಫ್ರಿಜ್ ಮ್ಯಾಗ್ನೆಟ್ಟನ್ನು ಕುಟ್ನಾ ಹೋರಾದವರೇ ಮಾರುತ್ತಾರೆ. ಸುಮಾರು ಇಪ್ಪತ್ತು ಸಾವಿರ ಜನರ ಊರಿಗೆ ಬುರುಡೆ ಗಿರಾಕಿ ತರುತ್ತದೆ, ಬೇಡ ಎನ್ನಲು ನಾವಾರು? ಆದರೆ ಪ್ರಾಗ್‌ನಲ್ಲಿ ತಿಂದು, ಪ್ರಾಗ್‌ನಲ್ಲಿ ಮಲಗಿ, ಇಲ್ಲಿ ಎರಡು ಟಿಕೆಟ್ ಹರಿಸಿ ಹೋಗುವವರಿಂದ ಊರಿಗೆ ದಕ್ಕುವುದು ಅಷ್ಟಕ್ಕಷ್ಟೆ.

ಹೋಗುವವರು ಗುಂಪು ಪ್ರವಾಸ ಬಿಟ್ಟು ರೈಲಿನಲ್ಲಿ ಹೋಗಿ. ಮುಖ್ಯ ನಿಲ್ದಾಣದಲ್ಲಿ ಇಳಿದು ಜನರ ಹಿಂದೆ ಸೆಡ್ಲೆಟ್ಸಿಗೆ ನಡೆಯದೆ, ಅಲ್ಲೇ ಕಾಯುವ ಸಣ್ಣ ರೈಲು ಹತ್ತಿ ಊರೊಳಗಿನ ನಿಲ್ದಾಣಕ್ಕೆ ಹೋಗಿ. ಮೊದಲು ಗಣಿ, ಆಮೇಲೆ ಬಾರ್ಬರಾ, ಊಟ, ತೊಟ್ಟಿ, ಟಂಕಸಾಲೆ. ಮೂಳೆಗಳನ್ನು ಕೊನೆಗಿಡಿ, ಹೇಗೂ ವಾಪಸು ದಾರಿಯಲ್ಲೇ ಸಿಗುತ್ತವೆ. ಬಾಗಿಲು ಹಾಕುವ ವೇಳೆ ವಿಚಾರಿಸಿಕೊಂಡರೆ ಆಯಿತು. ಗಣಿ ಚಳಿಗಾಲದಲ್ಲಿ ಮುಚ್ಚಿರುತ್ತದೆ. ಸೋಮವಾರವೂ ರಜೆ, ಮಂಗಳವಾರ ಹೋಗಿ.