ತತ್ವಪದಕ್ಕೆ ಕಾರ್ಡುಗಳ ಹೊರೆ

ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಸೀಮೆಯ ಭಜನಾ ಮೇಳಗಳಲ್ಲಿ ತತ್ವಪದಕ್ಕೆ ಏಕತಾರಿ, ದಮ್ಮಡಿ, ತಾಳ, ಪೇಟಿ ಇಷ್ಟೇ ಒಡನಾಡಿಗಳು. ಪೇಟಿಯವನ ಎಡಗೈ ತಿದಿಯೊತ್ತುವುದರಲ್ಲಿಯೇ ತೊಡಗಿರುವುದರಿಂದ ಸ್ವರಕ್ಕೆ ಉಳಿಯುವುದು ಬಲಗೈಯೊಂದೇ. ಅದು ಹಾಡುವವನ ಹಿಂದೆಯೇ ನಡೆಯುತ್ತದೆ. ಈಗ ಜಾತ್ರೆಯ ವೇದಿಕೆಗೆ ಕೀಬೋರ್ಡು ಬಂದಿದೆ. ಎರಡು ಕೈಗಳೂ ಬಿಡುವಾದುವು. ಬಿಡುವಾದ ಕೈ ಸುಮ್ಮನಿರುವುದುಂಟೆ?

ಕಳೆದ ವರುಷ ಯಲಬುರ್ಗಾ ತಾಲ್ಲೂಕಿನ ಒಂದು ಜಾತ್ರೆಯಲ್ಲಿ ಶಿಶುನಾಳ ಶರೀಫರ (1819–1889) ಮಾಳಿಗೆ ಸೋರುವ ಪದವನ್ನು ತಂಡವೊಂದು ಹೊಸ ಕಾರ್ಡುಗಳನ್ನು ಕೂಡಿಸಿ ಹಾಡಿತು. ಧಾಟಿ ಹಳೆಯದೇ. ಆದರೂ ಪಲ್ಲವಿಗೆ ದನಿಗೂಡಿಸಲು ಹೊರಟ ಹಿರಿಯರು ಎರಡನೆಯ ಸಲಕ್ಕೆ ಸುಮ್ಮನಾದರು. ನನ್ನ ಬದಿಯಲ್ಲಿದ್ದ ಮುದುಕರೊಬ್ಬರು, “ಪದಾ ಎಲ್ಲಿ ಇಳೀತದ ಅಂತನ ತಿಳೀವಲ್ದು ನೋಡ್ರೀ ಸರ” ಎಂದರು.

ಆ ಮಾತಿನಲ್ಲಿ ಶಾಸ್ತ್ರವಿದೆ. ಕಾರ್ಡೆಂದರೆ ಮೂರೋ ನಾಲ್ಕೋ ಸ್ವರಗಳು ಒಮ್ಮೆಗೇ ನುಡಿಯುವುದು. ಹಾಡು ಷಡ್ಜದಲ್ಲಿ ನಿಂತಿತೆನ್ನಿ. ಕೆಳಗೆ ಸ-ಗ-ಪ ನುಡಿದರೆ ಮನೆ ಸೇರಿದಂತೆ. ಮ-ಧ-ಸ ನುಡಿದರೆ ಅದೇ ಷಡ್ಜ ಮಧ್ಯಮದ ಮನೆಗೆ ಬಂದ ನೆಂಟನಾಗುತ್ತದೆ. ರಿ-ಮ-ಧ-ಸ ಎಂದು ನಾಲ್ಕನ್ನು ಕೂಡಿಸಿದರಂತೂ ಕೆಳಗಿನ ನಿಷಾದಕ್ಕೆ ಇಳಿಯುವ ತವಕ ಆ ಷಡ್ಜಕ್ಕೇ ಹುಟ್ಟುತ್ತದೆ. ಧಾಟಿಯ ಒಂದು ಸ್ವರವೂ ಕದಲದೆ ನೆಲೆ ಕದಲಿತು!

ಹಾಗೆಂದು ಕಾರ್ಡುಗಳು ದಟ್ಟವಾದಷ್ಟೂ ಹಾಡು ಸಡಿಲವಾಗುವುದೆಂದು ತೀರ್ಪು ಕೊಡಲಾಗದು. ಎಂಟು ಮಾತ್ರೆಯ ಆವರ್ತದಲ್ಲಿ ನಾಲ್ಕು ಕಾರ್ಡುಗಳು ಸರಸರನೆ ಸರಿದರೂ, ಸಮಕ್ಕೆ ಸ-ಗ-ಪ ಬಂದು ಕುಳಿತರೆ ನಡುವಿನವು ದಾರಿಹೋಕರಂತೆ ಹೋಗಿಬಿಡುತ್ತವೆ. ಅದಕ್ಕೆ ಬದಲು ಹೊರಗಿನದೊಂದು ಕಾರ್ಡು ಆವರ್ತವಿಡೀ ಠಿಕಾಣಿ ಹೂಡಿದರೆ ಹೆಚ್ಚು ಅಲುಗಿಸುತ್ತದೆ. ಅಡಿಯಲ್ಲಿ ಏಕತಾರಿಯ ಷಡ್ಜ ಎಡೆಬಿಡದೆ ನುಡಿಯುತ್ತಿದ್ದರೆ ಮೇಲೆ ಸಾಕಷ್ಟು ಹೇರಬಹುದು. ಆ ತಂಡ ಏಕತಾರಿಯನ್ನೂ ಕೈಬಿಟ್ಟು, ಪಲ್ಲವಿಯ ಸಮದ ಮೇಲೆಯೇ ಪ್ರತಿಸಲ ಹೊಸದೊಂದು ಕಾರ್ಡನ್ನು ಹೊರಿಸಿತು.

ಸೋರುವ ಮಾಳಿಗೆಯ ಪದಕ್ಕೆ ಅಲುಗುವ ನೆಲೆಯೇ ತಕ್ಕುದಲ್ಲವೆ ಎಂದು ಗೆಳೆಯರೊಬ್ಬರು ವಾದಿಸಿದರು. ಜಾಣತನದ ಮಾತು. ಆದರೆ ಮಾಳಿಗೆ ಸೋರುವುದು ಕಾಣಬೇಕಾದರೆ ಗೋಡೆಗಳಾದರೂ ನಿಂತಿರಬೇಕಷ್ಟೆ. ಸಡಿಲವನ್ನು ನುಡಿಗಳ ನಡುವೆ ತರಬಹುದು. ಊರೆಲ್ಲ ಕೂಡಿ ಹಾಡುವ ಪಲ್ಲವಿಯಲ್ಲಿ ಅಲ್ಲ. 1990ರ ‘ಸಂತ ಶಿಶುನಾಳ ಶರೀಫ’ ಚಿತ್ರಕ್ಕೆ ಸಂಗೀತವಿತ್ತ ಸಿ. ಅಶ್ವಥ್ ವಾದ್ಯಗಳ ವಿಷಯದಲ್ಲಿ ಜಿಪುಣರಲ್ಲ. 2008ರ ತಮ್ಮ ಧ್ವನಿಸುರುಳಿಯಲ್ಲಿ ಇದೇ ಪದವನ್ನು ಹಾಡಿದ ರಘು ದೀಕ್ಷಿತರ ಕೈಯಲ್ಲಿ ಗಿಟಾರೇ ಇತ್ತು. ಇಬ್ಬರಲ್ಲಿಯೂ ಪಲ್ಲವಿ ಕೇಳುಗನ ಬಾಯಿಗೆ ಬರುತ್ತದೆ.

ನಮ್ಮ ಜಾತ್ರೆಯ ಕೀಬೋರ್ಡುಗಾರ ಹುಡುಗ ಜಾಣ, ಸಂದೇಹವಿಲ್ಲ. ಮುಂದಿನ ಸಲ ಅವನು ಎಡಗೈಯ ಒಂದು ಬೆರಳನ್ನು ಷಡ್ಜದ ಮೇಲೆಯೇ ಬಿಟ್ಟು ನೋಡಲಿ. ಬಲಗೈ ಏನು ಬೇಕಾದರೂ ಮಾಡಿಕೊಳ್ಳಲಿ.