ಡನ್ನಿಂಗ್ ಪಂಥ: ಯಾರ ಮಾತು ಸಾಕ್ಷ್ಯ?

ಅಮೆರಿಕದ ಇತಿಹಾಸ ಓದುವ ನಮ್ಮಲ್ಲಿ ಹೆಚ್ಚಿನವರು 1865ರಲ್ಲಿ ಲಿಂಕನ್ ಕೊಲೆಯಾದಲ್ಲಿಗೆ ಪುಸ್ತಕ ಮುಚ್ಚುತ್ತಾರೆ. ಮತ್ತೆ ತೆರೆಯುವುದು ಮಾರ್ಟಿನ್ ಲೂಥರ್ ಕಿಂಗ್ ಬಂದಾಗಲೇ. ಇತಿಹಾಸಕಾರರು ಹಟ ಹಿಡಿದು ಜಗಳಾಡಿದ್ದು ಮಾತ್ರ ಈ ನಡುವಿನ ಅವಧಿಯ ಮೊದಲ ಹನ್ನೆರಡು ವರ್ಷಗಳ ಬಗ್ಗೆ. ಅದಕ್ಕೆ ‘ರಿಕನ್‌ಸ್ಟ್ರಕ್ಷನ್’ ಎಂದು ಹೆಸರು. ಅಂತರ್ಯುದ್ಧದಲ್ಲಿ ಸೋತ ದಕ್ಷಿಣದ ರಾಜ್ಯಗಳನ್ನು ಒಕ್ಕೂಟಕ್ಕೆ ಮರಳಿ ಸೇರಿಸಿಕೊಂಡ ಕಾಲವದು. ಬಿಡುಗಡೆಯಾದ ಸುಮಾರು ನಲವತ್ತು ಲಕ್ಷ ಗುಲಾಮರಿಗೆ ಪೌರತ್ವ ಸಿಕ್ಕಿತು, ಅವರಲ್ಲಿನ ಗಂಡಸರಿಗೆ ಮತದ ಹಕ್ಕೂ ಬಂತು. 1870ರಲ್ಲಿ ಮಿಸಿಸಿಪ್ಪಿಯ ಹೈರಮ್ ರೆವೆಲ್ಸ್ ಮೊದಲ ಕಪ್ಪು ಸೆನೆಟರ್ ಆದರು. 1877ಕ್ಕೆ ಆ ಪ್ರಯೋಗ ಮುಗಿದೇಹೋಯಿತು.

ಈ ಕಾಲದ ಕಥೆಯನ್ನು ಅರ್ಧ ಶತಮಾನ ತನ್ನ ಮುಷ್ಟಿಯಲ್ಲಿ ಇಟ್ಟುಕೊಂಡದ್ದು ಕೊಲಂಬಿಯಾ ವಿಶ್ವವಿದ್ಯಾಲಯದ ವಿಲಿಯಂ ಡನ್ನಿಂಗ್ ಮತ್ತು ಅವರ ಶಿಷ್ಯರ ಪಂಥ. ಶಿಷ್ಯರು ಒಂದೊಂದು ರಾಜ್ಯವನ್ನು ಹಂಚಿಕೊಂಡಂತೆ ಬರೆದರು: ಗಾರ್ನರ್ ಮಿಸಿಸಿಪ್ಪಿ, ಫ್ಲೆಮಿಂಗ್ ಅಲಬಾಮ, ರಾಮ್ಸ್‌ಡೆಲ್ ಟೆಕ್ಸಾಸ್, ಹ್ಯಾಮಿಲ್ಟನ್ ಉತ್ತರ ಕ್ಯಾರೊಲಿನಾ. ಗುರುವಿನ ಪುಸ್ತಕ ಬಂದದ್ದು 1907ರಲ್ಲಿ. ಎಲ್ಲರ ಕಥೆಯ ಸಾರ ಒಂದೇ: ಓದುಬರಹ ಬಾರದ ಕಪ್ಪು ಜನರ ಕೈಗೆ ಮತ ಕೊಟ್ಟದ್ದೇ ತಪ್ಪು, ಉತ್ತರದಿಂದ ಬಂದ ಲೋಭಿಗಳು ಅವರನ್ನು ಬಳಸಿಕೊಂಡು ಖಜಾನೆ ದೋಚಿದರು, ಕೊನೆಗೆ ದಕ್ಷಿಣದ ಬಿಳಿಯರು ತಮ್ಮ ಮನೆಯನ್ನು ತಾವೇ ಉಳಿಸಿಕೊಂಡರು.

ಇದನ್ನು ಬರಿಯ ದಕ್ಷಿಣದವರ ಕಹಿ ಎಂದು ತಳ್ಳಿಹಾಕುವಂತಿಲ್ಲ. ಡನ್ನಿಂಗ್ ಹುಟ್ಟಿದ್ದು ಉತ್ತರದ ನ್ಯೂಜೆರ್ಸಿಯಲ್ಲಿ. ಶಿಷ್ಯರು ದಫ್ತರಗಳ ಧೂಳು ಕುಡಿದವರು, ಪುಟಪುಟಕ್ಕೂ ಅಡಿಟಿಪ್ಪಣಿ ಕೊಟ್ಟವರು. ಗಾರ್ನರ್ ಪುಸ್ತಕದಿಂದ ಇಂದಿಗೂ ವಿವರ ಹೆಕ್ಕಿಕೊಳ್ಳಬಹುದು. ದಾಖಲೆಯ ಕೊರತೆ ಅವರಿಗಿರಲಿಲ್ಲ. ಯಾರ ಮಾತು ಸಾಕ್ಷ್ಯ, ಯಾರದು ಬರೀ ಗದ್ದಲ ಎಂಬುದನ್ನು ಅವರು ದಫ್ತರದ ಬಾಗಿಲು ತೆರೆಯುವ ಮೊದಲೇ ತೀರ್ಮಾನಿಸಿದ್ದರು.

ಒಂದು ಉದಾಹರಣೆ ಸಾಕು. ಬಿಳಿಯರ ಗುಪ್ತ ಸಂಘಟನೆ ಕು ಕ್ಲಕ್ಸ್ ಕ್ಲಾನ್ ನಡೆಸಿದ ಹಿಂಸೆಯ ಬಗ್ಗೆ ಅಮೆರಿಕದ ಸಂಸತ್ತಿನ ಜಂಟಿ ಸಮಿತಿ ಸಂಗ್ರಹಿಸಿದ ಸಾಕ್ಷ್ಯ 1872ರಲ್ಲೇ ಹದಿಮೂರು ಸಂಪುಟಗಳಲ್ಲಿ ಅಚ್ಚಾಗಿತ್ತು. ಜಾರ್ಜಿಯಾದ ಶಾಸಕ, ಹಿಂದೆ ಗುಲಾಮನಾಗಿದ್ದ ಏಬ್ರಮ್ ಕಾಲ್ಬಿಯ ಹೇಳಿಕೆ ಅದರಲ್ಲಿದೆ. 1869ರಲ್ಲಿ ಕ್ಲಾನಿನವರು ರಾತ್ರಿ ಬಂದು ಕಾಲ್ಬಿಯನ್ನು ಕಾಡಿಗೆ ಎಳೆದೊಯ್ದು ಗಂಟೆಗಟ್ಟಲೆ ಥಳಿಸಿದರು. ಇನ್ನು ಮುಂದೆ ರ‍್ಯಾಡಿಕಲ್ ಪಕ್ಷಕ್ಕೆ, ಅಂದರೆ ರಿಪಬ್ಲಿಕನ್ನರಿಗೆ, ಮತ ಹಾಕುತ್ತೀಯಾ ಎಂದು ಕೇಳಿದರು. ನಾಳೆಯೇ ಚುನಾವಣೆ ನಡೆದರೂ ಹಾಕುತ್ತೇನೆ ಎಂಬುದು ಅವರ ಉತ್ತರ. ಇಂಥ ಸಾಕ್ಷ್ಯ ಪುಟಗಟ್ಟಲೆ ಇದೆ. ಗ್ರಂಥಾಲಯದಲ್ಲಿ ಕೈಗೆಟಕುವಂತಿದ್ದ ಆ ಸಂಪುಟಗಳನ್ನು ಪಂಥದವರು ಬಲ್ಲರು. ಆದರೆ ಜಮೀನುದಾರನ ಮಾತಿಗೆ ಕೊಟ್ಟ ತೂಕವನ್ನು ಕಾಲ್ಬಿಯಂಥವರ ಮಾತಿಗೆ ಕೊಡಲಿಲ್ಲ.

ಪಂಥದ ಕಥೆ ಪಂಡಿತರ ಕೋಣೆಯೊಳಗೇ ಉಳಿಯಲಿಲ್ಲ. 1915ರಲ್ಲಿ ಗ್ರಿಫಿತ್‌ರ ‘ದ ಬರ್ತ್ ಆಫ್ ಎ ನೇಷನ್’ ಇದೇ ಕಥೆಯನ್ನು ಬೆಳ್ಳಿತೆರೆಗೆ ತಂದಿತು, 1929ರಲ್ಲಿ ಕ್ಲಾಡ್ ಬವರ್ಸ್ ಪುಸ್ತಕ ಅದನ್ನು ಮನೆಮನೆಗೆ ಮುಟ್ಟಿಸಿತು. ಲೂಯಿಸಿಯಾನದ ಕಾಲ್‌ಫ್ಯಾಕ್ಸ್‌ನಲ್ಲಿ 1873ರಲ್ಲಿ ಕಪ್ಪು ಜನರ ಸಾಮೂಹಿಕ ಕೊಲೆ ನಡೆದ ಜಾಗದಲ್ಲಿ ನೆಟ್ಟ ಫಲಕ ಅದನ್ನು ‘ಗಲಭೆ’ ಎಂದಿತು, ದುರಾಡಳಿತ ಕೊನೆಗೊಂಡ ದಿನವೆಂದು ಕೊಂಡಾಡಿತು. ಆ ಫಲಕವನ್ನು ತೆಗೆದದ್ದು 2021ರಲ್ಲಿ!

ಉತ್ತರ ಕೊಟ್ಟವರು ಇರಲಿಲ್ಲವೆಂದಲ್ಲ. ಮಿಸಿಸಿಪ್ಪಿಯಿಂದ ಸಂಸತ್ತಿಗೆ ಆರಿಸಿಬಂದಿದ್ದ ಜಾನ್ ಲಿಂಚ್ 1913ರಲ್ಲಿ ತಾವು ಕಂಡದ್ದನ್ನು ಬರೆದರು. ಅದಕ್ಕೂ ಮೊದಲು 1909ರಲ್ಲಿ ಅಮೆರಿಕನ್ ಇತಿಹಾಸಕಾರರ ಸಂಘದ ಸಮ್ಮೇಳನದಲ್ಲಿ ಕಪ್ಪು ವಿದ್ವಾಂಸ ಡಬ್ಲ್ಯೂ. ಇ. ಬಿ. ಡುಬಾಯ್ಸ್ ಪ್ರಬಂಧ ಓದಿದ್ದರು: ರಿಕನ್‌ಸ್ಟ್ರಕ್ಷನ್ ಕಾಲದ ಸರ್ಕಾರಗಳು ದಕ್ಷಿಣಕ್ಕೆ ಪ್ರಜಾಸತ್ತೆಯನ್ನೂ ಸಾರ್ವಜನಿಕ ಶಾಲೆಯನ್ನೂ ತಂದವು ಎಂದು. ವಿದ್ವಾಂಸರು ಕೇಳಿಸಿಕೊಂಡರು, ತಮ್ಮ ದಾರಿ ಹಿಡಿದರು. 1935ರಲ್ಲಿ ಡುಬಾಯ್ಸ್‌ರ ಏಳುನೂರಕ್ಕೂ ಹೆಚ್ಚು ಪುಟಗಳ ‘ಬ್ಲ್ಯಾಕ್ ರಿಕನ್‌ಸ್ಟ್ರಕ್ಷನ್’ ಬಂದಾಗ ಸಂಘದ ಪತ್ರಿಕೆ ಅದರ ವಿಮರ್ಶೆಯನ್ನೇ ಪ್ರಕಟಿಸಲಿಲ್ಲ.

ಡುಬಾಯ್ಸ್ ಪುಸ್ತಕಕ್ಕೂ ಮಿತಿಗಳುಂಟು. ದಕ್ಷಿಣದ ದಫ್ತರಗಳಲ್ಲಿ ಕೂತು ಕೆಲಸ ಮಾಡುವ ಅನುಕೂಲ ಅವರಿಗಿರಲಿಲ್ಲ. ಹೆಚ್ಚಾಗಿ ಅಚ್ಚಾದ ವರದಿಗಳನ್ನೇ ಆಧರಿಸಿದರು. ಯುದ್ಧಕಾಲದಲ್ಲಿ ಗುಲಾಮರು ತೋಟ ಬಿಟ್ಟು ಹೊರಟದ್ದನ್ನು ಸಾರ್ವತ್ರಿಕ ಮುಷ್ಕರ ಎಂದದ್ದು ಹೊಳಹುಳ್ಳ ಮಾತು, ಆದರೆ ದಕ್ಷಿಣ ಕ್ಯಾರೊಲಿನಾದಲ್ಲಿ ಕಾರ್ಮಿಕ ವರ್ಗದ ಆಳ್ವಿಕೆಯ ಛಾಯೆ ಕಂಡದ್ದು ಮಾರ್ಕ್ಸ್ ಓದಿನ ಹುಮ್ಮಸ್ಸು. ಇಷ್ಟಾದರೂ ಆ ವಸ್ತುವಿನ ಮೇಲಿನ ಅತ್ಯಂತ ಧೈರ್ಯದ ಪುಸ್ತಕ ಅದೇ. ಇತಿಹಾಸ ಹೇಗೆ ಪ್ರಚಾರವಾಗುತ್ತದೆ ಎಂದು ಸಹವಿದ್ವಾಂಸರ ಹೆಸರು ಹಿಡಿದು ತೋರಿಸುವ ಕೊನೆಯ ಅಧ್ಯಾಯಕ್ಕೆ ಸಾಟಿಯಾದದ್ದನ್ನು ನಾನು ಓದಿಲ್ಲ.

ಮುಂದೆ ನಾಗರಿಕ ಹಕ್ಕುಗಳ ಚಳವಳಿಯ ಬಿಸಿಯಲ್ಲಿ ಜಾನ್ ಹೋಪ್ ಫ್ರ್ಯಾಂಕ್ಲಿನ್ (1961), ಕೆನೆತ್ ಸ್ಟ್ಯಾಂಪ್ (1965) ಹಳೆಯ ಕಥೆಯನ್ನು ಕೆಡವಿದರು. 1988ರಲ್ಲಿ ಎರಿಕ್ ಫೋನರ್ ಹೊಸದನ್ನು ಪೂರ್ತಿ ಕಟ್ಟಿದರು. ದಕ್ಷಿಣ ಕ್ಯಾರೊಲಿನಾದ ರಾಜ್ಯಪಾಲರಿಗೆ ಸಾಮಾನ್ಯ ಜನ ಬರೆದ ಪತ್ರಗಳ ಪೆಟ್ಟಿಗೆಗಳನ್ನು ಅವರು ಬಿಚ್ಚಿ ಓದಿದರು. ಹಳೆಯ ಪಂಥ ಹುಟ್ಟಿದ ಕೊಲಂಬಿಯಾದಲ್ಲೇ ಅವರೂ ಓದಿದ್ದು, ಪಾಠ ಮಾಡಿದ್ದು.

ಅದೇ ಕೊಲಂಬಿಯಾದಲ್ಲಿ, ಡನ್ನಿಂಗ್ ಇನ್ನೂ ಪಾಠ ಹೇಳುತ್ತಿದ್ದಾಗ, 1913ರಿಂದ 1916ರವರೆಗೆ ವಿದ್ಯಾರ್ಥಿಯಾಗಿದ್ದವರು ಅಂಬೇಡ್ಕರ್. ಮುಂದೆ 1946ರಲ್ಲಿ ಅವರಿಗೂ ಡುಬಾಯ್ಸ್‌ಗೂ ಪತ್ರವ್ಯವಹಾರ ನಡೆಯಿತು. ಕಪ್ಪು ಜನರು ವಿಶ್ವಸಂಸ್ಥೆಗೆ ಸಲ್ಲಿಸಿದ್ದ ಮನವಿಯ ಪ್ರತಿ ಬೇಕೆಂದು ಅಂಬೇಡ್ಕರ್ ಕೇಳಿದ್ದರು.

ಓದಬೇಕೆನ್ನುವವರು ಫೋನರ್‌ರಿಂದ ಶುರುಮಾಡಿ. ದಪ್ಪ ಪುಸ್ತಕಕ್ಕೆ ಅಂಜುವವರಿಗೆ 1990ರ ಸಂಕ್ಷಿಪ್ತ ಆವೃತ್ತಿ ಇದೆ. ಆಮೇಲೆ ಡುಬಾಯ್ಸ್. ಡನ್ನಿಂಗ್ ಪಂಥವನ್ನೂ ಬಿಡಬೇಡಿ, ಆದರೆ ಪಕ್ಕದಲ್ಲಿ 1872ರ ಸಾಕ್ಷ್ಯ ಸಂಪುಟಗಳನ್ನು ಇಟ್ಟುಕೊಂಡು ಓದಿ. ಅವು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ.