ಹಳೆ ವಿದ್ಯಾರ್ಥಿಗಳ ಸಂಘದ ಚುನಾವಣೆ ಮತ್ತು ಒಂದು ಉದ್ದನೆಯ ವಾಕ್ಯ

ಪದವೀಧರರಷ್ಟೇ ಮತ ಹಾಕುವ ಚುನಾವಣೆಯಲ್ಲಿ ಮಾತಿಗೆ ತೂಕ ಇರುತ್ತದೆ ಎಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ನಮ್ಮ ಸಗರನಾಡಿನ ಯಾದಗಿರಿ, ಶಹಾಪುರ, ಸುರಪುರದಲ್ಲಿ ಹಳೆ ವಿದ್ಯಾರ್ಥಿಗಳ ಸಂಘಕ್ಕೆ ಕಾರ್ಯಕಾರಿ ಮಂಡಳಿ ಆರಿಸುವ ಹೊತ್ತಿಗೆ ಕೈಗೆ ಬರುವ ಪರಿಚಯ ಪತ್ರವನ್ನೂ ಸರ್ವಸದಸ್ಯರ ಸಭೆಯಲ್ಲಿ ನಿರೂಪಕರು ಓದುವ ಕಿರುಪರಿಚಯವನ್ನೂ ಜನ ಮೆಚ್ಚುತ್ತಾರೆ. ಅದರಲ್ಲಿ ಎದುರಾಳಿಯ ನಿಂದೆ ಇಲ್ಲ, ಜಾತಿಯ ಹೆಸರು ಬರುವುದಿಲ್ಲ, ಭಾಷೆ ಶುದ್ಧ. ‘ಓದಿದವರ ಚುನಾವಣಿ ಅಂದ್ರ ಹಿಂಗಿರಬೇಕ್ರಿ’ ಎಂದು ಹಿರಿಯರು ಹೇಳುವುದನ್ನು ಬಹಳ ಸಲ ಕೇಳಿದ್ದೇನೆ. ಈ ಮೆಚ್ಚುಗೆಗೆ ಆ ಬರಹ ಯೋಗ್ಯವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಸಭ್ಯವಾಗಿದೆ ಎಂದು ಒಪ್ಪಿಕೊಂಡವರು ಅದನ್ನು ಒಂದು ಬರಹವಾಗಿ ಸಾಲು ಸಾಲಾಗಿ ಓದಿಲ್ಲ.

ಸಂಘಗಳು ಹುಟ್ಟಿದ ಬಗೆ, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ವರ್ಷ ಅವುಗಳಿಗೆ ಜೀವ ಬರುವ ಬಗೆ, ಹಳೆ ವಿದ್ಯಾರ್ಥಿಗಳ ಪಾಲ್ಗೊಳ್ಳುವಿಕೆಯ 5.4ನೇ ಸೂಚಕದ ಅಂಕಕ್ಕಾಗಿ ಪ್ರಾಂಶುಪಾಲರು ಪಡುವ ಪಾಡು ಇವೆಲ್ಲ ಓದುಗರಿಗೆ ಗೊತ್ತಿರುವುದೇ. 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿದರೆ ಸಂಘ ಆಗುತ್ತದೆ, ಬೈಲಾ ಬರುತ್ತದೆ, ಚುನಾವಣೆಯೂ ಬರುತ್ತದೆ. ನಾನು ನೋಡಬೇಕೆಂದಿರುವುದು ಆ ಚುನಾವಣೆಯಲ್ಲಿ ಅಭ್ಯರ್ಥಿಯನ್ನು ಪರಿಚಯಿಸುವ ವಾಕ್ಯವನ್ನು. ವಾಕ್ಯ ಎಂದು ಏಕವಚನದಲ್ಲೇ ಹೇಳುತ್ತಿದ್ದೇನೆ, ಏಕೆಂದರೆ ಅದು ಬಹುಮಟ್ಟಿಗೆ ಒಂದೇ. ಯಾರ ಪತ್ರದಿಂದಲೂ ಎತ್ತಿಕೊಳ್ಳದೆ, ಎಲ್ಲರ ಕಿವಿಯಲ್ಲೂ ಇರುವ ನುಡಿಗಟ್ಟುಗಳನ್ನು ಜೋಡಿಸಿ ಇಲ್ಲಿ ಬರೆದಿದ್ದೇನೆ:

‘ಸಗರನಾಡಿನ ಹೆಮ್ಮೆಯ ಪುತ್ರರೂ ಸರಳ ಸಜ್ಜನಿಕೆಗೆ ಹೆಸರಾದವರೂ ಆದ ಶ್ರೀಯುತರು ಬಡತನದಲ್ಲಿ ಹುಟ್ಟಿ, ಕಷ್ಟಪಟ್ಟು ಓದಿ, ವಿದ್ಯಾರ್ಥಿ ದೆಸೆಯಿಂದಲೇ ನಾಯಕತ್ವದ ಗುಣ ಮೈಗೂಡಿಸಿಕೊಂಡು, ಹತ್ತು ಹಲವು ಸಂಘ ಸಂಸ್ಥೆಗಳಲ್ಲಿ ವಿವಿಧ ಹುದ್ದೆಗಳನ್ನು ಅಲಂಕರಿಸಿ, ನಿಸ್ವಾರ್ಥ ಸೇವೆ ಸಲ್ಲಿಸಿ, ಇದೀಗ ತಮ್ಮೆಲ್ಲರ ಒತ್ತಾಯದ ಮೇರೆಗೆ ಕಣಕ್ಕಿಳಿದಿದ್ದಾರೆ.’

ಮೊದಲು ಕ್ರಿಯಾಪದಗಳನ್ನು ನೋಡಬೇಕು. ಹುಟ್ಟಿ, ಕಷ್ಟಪಟ್ಟು, ಓದಿ, ಮೈಗೂಡಿಸಿಕೊಂಡು, ಅಲಂಕರಿಸಿ, ಸಲ್ಲಿಸಿ: ಆರೂ ಕೃದಂತಾವ್ಯಯಗಳು, ಮುಂದಿನ ಮಾತಿಗೆ ತಮ್ಮ ಭಾರ ದಾಟಿಸಿ ಹೋಗುವಂಥವು. ಪೂರ್ಣ ಕ್ರಿಯಾಪದ ಒಂದೇ, ಕೊನೆಯದು: ಕಣಕ್ಕಿಳಿದಿದ್ದಾರೆ. ಅದನ್ನು ಯಾರೂ ಪ್ರಶ್ನಿಸಲಾರರು. ನಾಮಪತ್ರ ಸಲ್ಲಿಸಿದ್ದಾರೆ, ಹೆಸರು ಪಟ್ಟಿಯಲ್ಲಿದೆ. ಪ್ರಶ್ನಿಸಬೇಕಾದ ಮಾತುಗಳೆಲ್ಲ ಅರ್ಧಕ್ಕೇ ನಿಂತು ಅದರ ಬೆನ್ನ ಹಿಂದೆ ಸಾಲುಗಟ್ಟಿವೆ. ಕೇಳುವವನು ತಡೆದು ‘ಹೌದೇನ್ರಿ?’ ಎನ್ನಲು ಎಲ್ಲೂ ಜಾಗವಿಲ್ಲ, ವಾಕ್ಯ ಮುಗಿಯುವಷ್ಟರಲ್ಲಿ ಚಪ್ಪಾಳೆ ಶುರುವಾಗಿರುತ್ತದೆ. ಕನ್ನಡದ ಈ ಸರಪಳಿ ವಾಕ್ಯ ಕಥೆ ಹೇಳುವವರ ಕೈಯಲ್ಲಿ ಬಹಳ ಚೆಂದ, ಘಟನೆಯನ್ನು ಓಡಿಸುತ್ತದೆ. ಇಲ್ಲಿ ಅದೇ ಓಟವನ್ನು ಲೆಕ್ಕ ಕೊಡದೆ ದಾಟಿಹೋಗಲು ಬಳಸಲಾಗಿದೆ. ಪರೀಕ್ಷೆ ಸುಲಭ. ಒಂದೊಂದು ತುಣುಕನ್ನೂ ಪೂರ್ಣ ವಾಕ್ಯ ಮಾಡಿ ನೋಡಿ. ‘ಶ್ರೀಯುತರು ಸೇವೆ ಸಲ್ಲಿಸಿದರು’ ಎಂದು ಬರೆದು ಪೂರ್ಣವಿರಾಮ ಇಟ್ಟ ಕೂಡಲೇ ಯಾರಿಗೆ, ಯಾವ ವರ್ಷ, ಏನು ಮಾಡಿ ಎಂಬ ಮೂರು ಪ್ರಶ್ನೆ ಏಳುತ್ತವೆ. ಬರೆದವರಿಗೆ ಉತ್ತರ ಗೊತ್ತಿದ್ದರೆ ಬರೆಯುತ್ತಿದ್ದರು.

ಎರಡನೆಯದು ‘ಹತ್ತು ಹಲವು’, ‘ವಿವಿಧ’. ಸಂಖ್ಯೆಯಂತೆ ಕೇಳಿಸುವ, ಎಣಿಕೆಗೆ ಸಿಗದ ಮಾತುಗಳಿವು. ಎರಡು ಸಂಸ್ಥೆಯಲ್ಲಿ ಖಜಾಂಚಿಯಾಗಿ ಐದು ವರ್ಷ ಜಮಾ-ಖರ್ಚು ಬರೆದವನನ್ನೂ ಇಪ್ಪತ್ತು ಸಂಸ್ಥೆಗಳ ಲೆಟರ್‌ಹೆಡ್ಡಿನಲ್ಲಿ ಹೆಸರಿದ್ದು ಒಂದು ಸಭೆಗೂ ಹೋಗದವನನ್ನೂ ಈ ವಾಕ್ಯ ಒಂದೇ ಪಂಕ್ತಿಯಲ್ಲಿ ಕೂರಿಸುತ್ತದೆ. ಕೆಲಸ ಮಾಡಿದವನಿಗೆ ಇದರಿಂದ ಆಗುವ ಅನ್ಯಾಯ ನನ್ನನ್ನು ಬಹಳ ಕಾಡುತ್ತದೆ.

‘ಬಡತನದಲ್ಲಿ ಹುಟ್ಟಿ, ಕಷ್ಟಪಟ್ಟು ಓದಿ’ ಎಂಬಲ್ಲಿ ಮಾತ್ರ ನಾನು ತಡೆದು ನಿಲ್ಲುತ್ತೇನೆ. ಇಡೀ ವಾಕ್ಯದಲ್ಲಿ ನಿಜದ ಭಾರ ಇರುವ ಜಾಗ ಇದು. 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಕಡಿಮೆ. 2024ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ಜಿಲ್ಲೆಗೆ ಕೊನೆಯ ಸ್ಥಾನ, ಶೇ 50.59. ಬಿತ್ತನೆ ಮುಗಿದರೆ ಬೆಂಗಳೂರಿಗೋ ಹೈದರಾಬಾದಿಗೋ ಮುಂಬೈಗೋ ಗುಳೆ ಹೋಗುವ ಮನೆಗಳಿಂದ ಒಬ್ಬ ಪದವಿಗೆ ಬಂದು ನಿಂತಿದ್ದಾನೆ ಎಂದರೆ ಅದರ ಹಿಂದೆ ಒಂದು ದೊಡ್ಡ ವಿವರ ಇದ್ದೇ ಇರುತ್ತದೆ. ಯಾವ ಹಾಸ್ಟೆಲ್ಲಿನಲ್ಲಿ ಇದ್ದ, ಪರೀಕ್ಷಾ ಶುಲ್ಕ ಯಾರು ತುಂಬಿದರು, ಯಾವ ಗುರುಗಳು ಪುಸ್ತಕ ಕೊಟ್ಟರು, ಯಾವ ಸೆಮಿಸ್ಟರಿನಲ್ಲಿ ಬಿಟ್ಟು ಹೋಗುವವನಿದ್ದ, ಯಾಕೆ ಹೋಗಲಿಲ್ಲ. ಹಳೆ ವಿದ್ಯಾರ್ಥಿಗಳ ಸಂಘ ಇರುವುದೇ ಈ ಪ್ರಶ್ನೆಗಳಿಗೆ. ಇವತ್ತಿನ ಹುಡುಗ ಎಲ್ಲಿ ಮುಗ್ಗರಿಸುತ್ತಾನೆ ಎಂಬುದು ನಿನ್ನೆ ಮುಗ್ಗರಿಸಿದವನಿಗೆ ಗೊತ್ತು. ಪರಿಚಯ ಬರೆಯುವವರು ಆ ತಿಳಿವನ್ನೆಲ್ಲ ನಾಲ್ಕು ಪದಕ್ಕೆ ಇಳಿಸಿ ಅಭ್ಯರ್ಥಿಯ ವ್ಯಕ್ತಿತ್ವಕ್ಕೆ ಅಲಂಕಾರ ಮಾಡಿಬಿಡುತ್ತಾರೆ.

‘ತಮ್ಮೆಲ್ಲರ ಒತ್ತಾಯದ ಮೇರೆಗೆ’ ಎನ್ನುವುದು ವಿನಯದ ಮಾತೆಂದು ಹೊಗಳುವವರಿದ್ದಾರೆ. ಅಭ್ಯರ್ಥಿಗೆ ಸ್ವಂತ ಇಚ್ಛೆ ಇಲ್ಲ ಎಂದ ಮೇಲೆ ಸ್ವಂತ ವಚನವೂ ಇಲ್ಲ. ನಾಳೆ ಮೂರು ವರ್ಷ ಸಭೆಯನ್ನೇ ಕರೆಯದಿದ್ದರೆ ‘ನೀವೇ ನಿಲ್ಲಿಸಿದ್ದು’ ಎನ್ನಬಹುದು.

ಕೊನೆಗೆ, ವಾಕ್ಯದಲ್ಲಿ ಇಲ್ಲದೇ ಇರುವುದು. ಯಾವ ಸಂಘಕ್ಕೆ ನಿಂತಿದ್ದಾರೆ, ಆ ಸಂಘ ಏನು ಮಾಡಬೇಕು ಎಂಬುದರ ಸುಳಿವೇ ಇಲ್ಲ. ಇದೇ ಪತ್ರವನ್ನು ಪತ್ತಿನ ಸಹಕಾರಿಗೋ ಜಾತ್ರಾ ಸಮಿತಿಗೋ ಒಂದಕ್ಷರ ಬದಲಿಸದೆ ಹಂಚಬಹುದು.

ಈ ಪ್ರಕಾರವನ್ನು ಸಮರ್ಥಿಸುವ ವಿಮರ್ಶಕರ ವಾದವೊಂದಿದೆ. ಹೊಗಳಿಕೆ ನಮ್ಮ ಪರಂಪರೆ, ಶಾಸನಗಳ ಬಿರುದಾವಳಿಯಿಂದ ಹರಿದು ಬಂದದ್ದು, ಅದನ್ನು ಮಾಹಿತಿಯ ಮಾನದಂಡದಿಂದ ಅಳೆಯಬಾರದು ಎನ್ನುತ್ತಾರೆ. ಸುರಪುರ ಸಂಸ್ಥಾನದ ಊರು, ಇಲ್ಲಿ ಪರಾಕು ಹೇಳುವುದು ಸಹಜ ಎಂದೂ ಸೇರಿಸುತ್ತಾರೆ. ಹೇಳುವವರು ವಿದ್ವಾಂಸರೆಂದು ಹೆಸರಾದವರು, ಕೇಳಿದವರು ತಲೆದೂಗುತ್ತಾರೆ. ಆದ್ದರಿಂದ ಇದನ್ನು ಬಿಡಿಸಿ ನೋಡದೆ ಗತಿಯಿಲ್ಲ.

ಅವರು ತೋರಿಸುವ ಶಾಸನಗಳನ್ನು ಅವರು ಕೊನೆಯವರೆಗೆ ಓದಿಲ್ಲ. ಸುರಪುರ ಸೀಮೆಯ ಏವೂರಿನಲ್ಲೇ ಆರನೆಯ ವಿಕ್ರಮಾದಿತ್ಯನ ಕಾಲದ, 1077ರ ಪ್ರಸಿದ್ಧ ಶಾಸನವಿದೆ. ಕಲ್ಯಾಣದ ಚಾಲುಕ್ಯರ ವಂಶಾವಳಿಗೆ ಇತಿಹಾಸಕಾರರು ಮತ್ತೆ ಮತ್ತೆ ಹೋಗುವುದು ಅದರ ಬಳಿಗೆ. ಬಿರುದು ಇದೆ, ಹೊಗಳಿಕೆ ಇದೆ, ಉದ್ದಕ್ಕೆ ಇದೆ. ಆದರೆ ಮಾತು ಅಲ್ಲಿಗೇ ನಿಲ್ಲುವುದಿಲ್ಲ, ದತ್ತಿಗೆ ಬರುತ್ತದೆ. ನಮ್ಮ ದಾನಶಾಸನಗಳ ಕಟ್ಟೋಣವೇ ಹಾಗೆ. ಯಾವ ತಿಥಿ, ಯಾವ ದೇವಾಲಯ, ಎಷ್ಟು ಮತ್ತರು ನೆಲ, ಮೂಡಲಿಗೆ ಯಾವ ಗುಡ್ಡೆ, ತೆಂಕಲಿಗೆ ಯಾವ ಹಳ್ಳ, ನಂದಾದೀಪಕ್ಕೆ ಏನು, ಓದಿಸುವವರಿಗೆ ಏನು, ಕೆಡಿಸಿದವನಿಗೆ ಯಾವ ಪಾಪ. ಬಿರುದಾವಳಿ ಬಾಗಿಲು, ಒಳಮನೆ ದತ್ತಿಯ ವಿವರ. ಗಡಿಯನ್ನು ಅಷ್ಟು ಕಟ್ಟುನಿಟ್ಟಾಗಿ ಕೆತ್ತಿಸಿದ್ದು ಮುಂದೊಂದು ದಿನ ತಕರಾರು ಬಂದರೆ ಕಲ್ಲು ಸಾಕ್ಷಿ ಹೇಳಲಿ ಎಂದು. ನಮ್ಮ ಪರಿಚಯ ಪತ್ರ ಬಾಗಿಲನ್ನಷ್ಟೇ ಉಳಿಸಿಕೊಂಡು ಮನೆಯನ್ನು ಕೈಬಿಟ್ಟಿದೆ. ಇದನ್ನು ಪರಂಪರೆಯ ಮುಂದುವರಿಕೆ ಎನ್ನುವುದು ಪರಂಪರೆಗೆ ಮಾಡುವ ಅಪಚಾರ. ವಚನಕಾರ ದೇವರ ದಾಸಿಮಯ್ಯನ ಮುದನೂರು ಇದೇ ಸೀಮೆಯದು. ಮಾತನ್ನು ಬಿಗಿಹಿಡಿದು ಆಡುವ ಪರಂಪರೆಯೂ ನಮ್ಮಲ್ಲಿತ್ತು, ಅದನ್ನು ಈ ವಿಮರ್ಶಕರು ನೆನೆಯುವುದೇ ಇಲ್ಲ.

ಇನ್ನೊಂದು ಗುಂಪಿನವರು ಪರಿಚಯವೇ ಬೇಡ, ಪ್ರಮಾಣಪತ್ರ ಸಾಕು ಎನ್ನುತ್ತಾರೆ. 2024ರ ಜೂನ್ 3ರಂದು ವಿಧಾನ ಪರಿಷತ್ತಿನ ಈಶಾನ್ಯ ಪದವೀಧರರ ಕ್ಷೇತ್ರಕ್ಕೆ ಬೀದರಿನಿಂದ ವಿಜಯನಗರದವರೆಗೆ ಏಳು ಜಿಲ್ಲೆಗಳಲ್ಲಿ ಮತದಾನ ನಡೆದಾಗ ಅಭ್ಯರ್ಥಿಗಳು ನಮೂನೆ 26ರಲ್ಲಿ ಆಸ್ತಿ, ಸಾಲ, ಮೊಕದ್ದಮೆ ಎಲ್ಲ ಬರೆದುಕೊಡಬೇಕಿತ್ತು, ಸಂಘಕ್ಕೂ ಹಾಗೆ ಮಾಡಿ ಎಂಬುದು ಅವರ ಸಲಹೆ. ಅರ್ಧ ಒಪ್ಪುತ್ತೇನೆ. ಆಸ್ತಿ ಪಟ್ಟಿ ಅನುಮಾನವನ್ನು ಕಳೆಯಬಹುದು, ಸಂಘದಲ್ಲಿ ಏನು ಮಾಡುತ್ತಾನೆ ಎಂಬುದನ್ನು ಹೇಳುವುದಿಲ್ಲ. ಅವಿರೋಧ ಆಯ್ಕೆಯೇ ಶ್ರೇಷ್ಠ ಎನ್ನುವವರ ಜೊತೆ ವಾದಕ್ಕೆ ಇಳಿಯುವುದಿಲ್ಲ. ಅಲ್ಲಿ ಯಾರೂ ಏನನ್ನೂ ಹೇಳಬೇಕಾಗಿಲ್ಲ, ವಿಮರ್ಶಿಸಲು ಬರಹವೇ ಇರುವುದಿಲ್ಲ.

ಹಾಗಾದರೆ ಹೇಳಬೇಕಾದದ್ದು ಏನಿದೆ? ಸಗರನಾಡಿನ ಪದವೀಧರನಿಗೆ ಇರುವ ತೊಡಕು ಬೇರೆ ಕಡೆ ಅಷ್ಟಾಗಿ ಇಲ್ಲ. 1956ಕ್ಕೆ ಮೊದಲು ನಾವು ಹೈದರಾಬಾದ್ ರಾಜ್ಯದಲ್ಲಿದ್ದಾಗ ಪದವಿ ಕೊಟ್ಟದ್ದು 1918ರಲ್ಲಿ ಹುಟ್ಟಿದ ಉಸ್ಮಾನಿಯಾ. ಏಕೀಕರಣದ ಮೇಲೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ. ಅದರ ಸ್ನಾತಕೋತ್ತರ ಕೇಂದ್ರ 1970ರಲ್ಲಿ ಕಲಬುರಗಿಗೆ ಬಂತು, 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವಾಯಿತು. 2021ರಲ್ಲಿ ರಾಯಚೂರು ವಿಶ್ವವಿದ್ಯಾಲಯ ಶುರುವಾದಾಗ ಯಾದಗಿರಿ ಜಿಲ್ಲೆಯ ಕಾಲೇಜುಗಳು ಅದರ ಪಾಲಿಗೆ ಹೋದವು. ಭೀಮರಾಯನಗುಡಿಯ ಕೃಷಿ ಕಾಲೇಜಿನವರ ಪಾಡೂ ಹೀಗೆಯೇ: ಮೊದಲು ಧಾರವಾಡದ ಕೃಷಿ ವಿಶ್ವವಿದ್ಯಾಲಯ, ಆಮೇಲೆ ರಾಯಚೂರಿನದು. ಸುರಪುರದ ಒಂದೇ ಮನೆಯಲ್ಲಿ ಅಜ್ಜ, ಅಪ್ಪ, ಮಗಳು, ಮೊಮ್ಮಗ ನಾಲ್ಕು ವಿಶ್ವವಿದ್ಯಾಲಯಗಳ ಹಳೆ ವಿದ್ಯಾರ್ಥಿಗಳಾಗಿರಬಹುದು, ಅಪ್ಪ, ಮಗಳು, ಮೊಮ್ಮಗ ಓದಿದ್ದು ಮನೆಯ ಹತ್ತಿರದ ಕಾಲೇಜಿನಲ್ಲೇ ಆದರೂ.

ಈ ಮಗಳನ್ನೇ ತೆಗೆದುಕೊಳ್ಳಿ. ಗುಲಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣವನ್ನು ಆಕೆ ನೋಡಿದ್ದು ಘಟಿಕೋತ್ಸವ ಪ್ರಮಾಣಪತ್ರ ತರಲು ಶಹಾಪುರ, ಜೇವರ್ಗಿ ದಾಟಿ ಬಸ್ಸಿನಲ್ಲಿ ಹೋದ ದಿನ ಮಾತ್ರ. ವಿಶ್ವವಿದ್ಯಾಲಯದ ಸಂಘಕ್ಕೆ ಆಕೆ ಸದಸ್ಯೆಯಾಗಬಹುದೇ, ಅಥವಾ ಆವರಣದಲ್ಲಿ ಎಂ.ಎ. ಓದಿದವರಿಗಷ್ಟೇ ಆ ಹಕ್ಕೇ? ದ್ವಿಪ್ರತಿ ಅಂಕಪಟ್ಟಿ ಬೇಕಾದರೆ ಕಲಬುರಗಿಗೆ ಹೋಗಬೇಕೋ, ತಿಂಥಣಿ ಸೇತುವೆ ದಾಟಿ ರಾಯಚೂರಿಗೋ? ಮದುವೆಯಾಗಿ ಬೇರೆ ಊರಿಗೆ ಹೋದ ಮೇಲೆ ಆಕೆಯ ಹೆಸರು ಸಂಘದ ಪಟ್ಟಿಯಲ್ಲಿ ಇರುತ್ತದೆಯೇ? ಮಹಿಳಾ ಅಭ್ಯರ್ಥಿಯ ಪರಿಚಯ ಇಂದಿಗೂ ‘ಇಂಥವರ ಧರ್ಮಪತ್ನಿ’ ಎಂದೇ ಶುರುವಾಗುವುದಾದರೆ ಪಟ್ಟಿಯಲ್ಲಿ ಹೆಣ್ಣುಮಕ್ಕಳು ಕಾಣೆಯಾಗುವುದರಲ್ಲಿ ಆಶ್ಚರ್ಯವಿಲ್ಲ.

ಈ ಪ್ರಶ್ನೆಗಳನ್ನು ಕೇಳಲು ಕರ್ನಾಟಕದ ಪದವೀಧರನಿಗೆ ಬೇರೆ ವೇದಿಕೆ ಕಡಿಮೆ. ಭೀಮೆ ಹರಿದು ಬರುವ ಸೊಲ್ಲಾಪುರದ ಕಡೆ, ಮಹಾರಾಷ್ಟ್ರದ 2016ರ ವಿಶ್ವವಿದ್ಯಾಲಯ ಕಾಯ್ದೆಯಡಿ, ನೋಂದಾಯಿತ ಪದವೀಧರರು ಸೆನೆಟ್ಟಿಗೆ ಹತ್ತು ಜನರನ್ನು ಆರಿಸಿ ಕಳಿಸುತ್ತಾರೆ. ನಮ್ಮ 2000ದ ಕಾಯ್ದೆಯಲ್ಲಿ ಸೆನೆಟ್ಟೇ ಇಲ್ಲ. ಉಳಿದಿರುವುದು ಆರು ವರ್ಷಕ್ಕೊಮ್ಮೆ ಬರುವ ಪರಿಷತ್ತಿನ ಮತ, ಮತ್ತು ಈ ಸಂಘ. ಪರಿಚಯ ಪತ್ರದ ಒಂದು ಪುಟ ನನಗೆ ಇಷ್ಟು ಮುಖ್ಯವಾಗಿ ಕಾಣುವುದು ಅದಕ್ಕೇ.

ಪ್ರಶ್ನೆಯನ್ನು ಮುಂದಿಟ್ಟು ನಿಂತವರ ಉದಾಹರಣೆ ಹೊರಗೆ ಇದೆ. ಹಾರ್ವರ್ಡ್‌ನ ಮೇಲ್ವಿಚಾರಕ ಮಂಡಳಿಗೆ ಹಳೆ ವಿದ್ಯಾರ್ಥಿಗಳೇ ಮತ ಹಾಕುತ್ತಾರೆ. 1989ರಲ್ಲಿ ಡೆಸ್ಮಂಡ್ ಟುಟು ಅಲ್ಲಿ ಆಯ್ಕೆಯಾದರು. ಅವರಿಗೆ ಆಗಲೇ ನೊಬೆಲ್ ಬಂದಿತ್ತು, ಪರಿಚಯಕ್ಕೆ ಅದೊಂದೇ ಸಾಕಿತ್ತು. ಅವರನ್ನು ನಿಲ್ಲಿಸಿದವರು ಮುಂದಿಟ್ಟದ್ದು ಬೇರೆ ಮಾತು: ವರ್ಣಭೇದದ ದಕ್ಷಿಣ ಆಫ್ರಿಕಾದಲ್ಲಿ ವ್ಯವಹಾರ ಮಾಡುವ ಕಂಪನಿಗಳಿಂದ ವಿಶ್ವವಿದ್ಯಾಲಯ ತನ್ನ ಹಣ ವಾಪಸ್ ತೆಗೆಯಬೇಕು. ಮತ ಹಾಕುವವನಿಗೆ ಆ ಮಾತಿಗೆ ಹೌದೆನ್ನಲೂ ಅಲ್ಲವೆನ್ನಲೂ ಅವಕಾಶವಿತ್ತು.

ನ್ಯಾಯಕ್ಕಾಗಿ ಒಂದು ಮಾತು ಹೇಳಬೇಕು: ನಿಂದೆಯಿಲ್ಲದ ಭಾಷೆ ಸಣ್ಣ ಗುಣವಲ್ಲ, ಊರಲ್ಲಿ ಚುನಾವಣೆ ಮುಗಿದ ಮೇಲೂ ಮುಖ ನೋಡಿ ಬಾಳಬೇಕು. ಆ ಗುಣ ಉಳಿಸಿಕೊಂಡೇ ಬೇರೆ ಬಗೆಯಲ್ಲಿ ಬರೆಯಲು ಸಾಧ್ಯ. ಕಲ್ಪಿತ ಅಭ್ಯರ್ಥಿಯೊಬ್ಬಳ ಬಾಯಲ್ಲಿ ಅದು ಹೀಗೆ ಬರಬಹುದು:

‘ನಾನು ಸುರಪುರದಲ್ಲಿ ಬಿ.ಎ. ಓದಿದೆ. ಎರಡನೇ ವರ್ಷ ಮನೆಯವರು ಗುಳೆ ಹೋದರು, ಹಾಸ್ಟೆಲ್ ಸಿಕ್ಕಿದ್ದರಿಂದ ನಾನು ಉಳಿದೆ. ಅಂಕಪಟ್ಟಿಯಲ್ಲಿ ತವರಿನ ಅಡ್ಡಹೆಸರಿದೆ, ಆಧಾರ್ ಕಾರ್ಡಿನಲ್ಲಿ ಗಂಡನ ಮನೆಯದು. ಸಂಘದ ಪಟ್ಟಿಯಲ್ಲಿ ನನ್ನ ತರಗತಿಯ ಹುಡುಗಿಯರು ಬಹಳ ಮಂದಿ ಇಲ್ಲ. ಗೆದ್ದರೆ ಮೊದಲ ವರ್ಷ ಕಾಲೇಜಿನ ಪ್ರವೇಶ ವಹಿ ನೋಡಿ ಆ ಪಟ್ಟಿ ಸರಿ ಮಾಡುತ್ತೇನೆ. ಸಂಘದ ಠೇವಣಿಯ ಬಡ್ಡಿ ಸ್ನೇಹ ಸಮ್ಮಿಲನದ ಊಟಕ್ಕೆ ಹೋಗಬಾರದು, ಪರೀಕ್ಷಾ ಶುಲ್ಕ ತುಂಬಲಾರದವರಿಗೆ ಹೋಗಬೇಕು ಎಂದು ಸಭೆಯಲ್ಲಿ ಠರಾವು ಇಡುತ್ತೇನೆ.’

ಇಲ್ಲಿ ಒಂದೊಂದು ವಾಕ್ಯವೂ ತನ್ನ ಕಾಲ ಮೇಲೆ ನಿಂತಿದೆ, ಒಂದೊಂದನ್ನೂ ಅಲ್ಲಗಳೆಯಬಹುದು. ಊಟ ನಿಲ್ಲಿಸುವುದು ಬೇಡ ಎನ್ನುವವರು ಎದ್ದು ನಿಂತು ಆಕೆಗೆ ವಿರುದ್ಧ ಮತ ಹಾಕಲಿ. ಇದಕ್ಕೆ ಬೈಲಾ ತಿದ್ದುವುದು ಬೇಕಿಲ್ಲ. ನಾಮಪತ್ರದ ಜೊತೆ ಒಂದು ಖಾಲಿ ಹಾಳೆ ಕೊಟ್ಟು, ಸದಸ್ಯರ ಪಟ್ಟಿಯ ಬಗ್ಗೆ, ಹಣದ ಬಗ್ಗೆ, ಈಗ ಓದುತ್ತಿರುವವರ ಬಗ್ಗೆ ಅಭ್ಯರ್ಥಿಯೇ ಬರೆದು ಸಹಿ ಮಾಡಲಿ ಎಂದು ಚುನಾವಣಾಧಿಕಾರಿ ಸೂಚಿಸಬಹುದು. ಓದುವ ಕೆಲಸವನ್ನೂ ನಿರೂಪಕರಿಗೆ ಬಿಡದೆ ಅಭ್ಯರ್ಥಿಗೇ ವಹಿಸಿ, ಓದಿದ ಮೇಲೆ ಸದಸ್ಯರು ಕೇಳುವ ಪ್ರಶ್ನೆಗಳಿಗೆ ಶಾಲು-ಹಾರದ ಹೊತ್ತನ್ನು ಬಿಟ್ಟುಕೊಡಬೇಕು.